ನೌಶೇರಾ–ರಜೌರಿ ರಸ್ತೆಯಲ್ಲಿ ನಾಲ್ಕು ದಿನ

ಯುದ್ಧಶೌರ್ಯವೆಂದರೆ ಶತ್ರುವಿನ ಮೇಲೆ ಮುನ್ನುಗ್ಗಿ ಹೋರಾಡುವುದು, ಎದುರಾಳಿಯ ಠಾಣ್ಯವನ್ನು ಕೈವಶ ಮಾಡಿಕೊಳ್ಳುವುದು, ಅಥವಾ ತಾನು ಕಾಯುತ್ತಿರುವ ನೆಲವನ್ನು ಕೊನೆಯುಸಿರಿನವರೆಗೆ ಬಿಟ್ಟುಕೊಡದಿರುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಪ್ರತಿ ಸೇನೆಯಲ್ಲೂ ಇನ್ನೊಂದು ಬಗೆಯ ಸೈನಿಕರಿದ್ದು, ಗುಂಡು ಹಾರಿಸುವುದಕ್ಕಿಂತ ಹೆಚ್ಚಾಗಿ ದಾರಿ ಬಿಡಿಸುವುದು, ಸೇತುವೆ ಕಟ್ಟುವುದು, ನೆಲದಲ್ಲಿ ಹುದುಗಿಸಿಟ್ಟ ಸಿಡಿಮದ್ದನ್ನು ಹೊರತೆಗೆಯುವುದು ಅವರ ಪಾಲಿನ ಕೆಲಸವಾಗಿರುತ್ತದೆ. ಕಾರವಾರದ ಸಮೀಪದ ಚೆಂಡಿಯಾ ಗ್ರಾಮದ ಮನೆತನಕ್ಕೆ ಸೇರಿದ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬಾ ರಾಣೆ ಅಂಥವರಲ್ಲೊಬ್ಬರು. 1948ರ ಏಪ್ರಿಲ್ 8ರಿಂದ 11ರವರೆಗೆ, ಜಮ್ಮು ಪ್ರಾಂತ್ಯದ ನೌಶೇರಾ–ರಜೌರಿ ರಸ್ತೆಯಲ್ಲಿ, ಗಾಯಗೊಂಡ ಮೈಯಲ್ಲೇ ಅವರು ಮಾಡಿದ ಕೆಲಸಕ್ಕೆ ದೇಶದ ಅತ್ಯುನ್ನತ ಯುದ್ಧಶೌರ್ಯ ಪ್ರಶಸ್ತಿಯಾದ ಪರಮವೀರ ಚಕ್ರ ಸಂದಿತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರ ಪ್ರಶಸ್ತಿಪತ್ರದಲ್ಲಿ ಎಷ್ಟು ಮಂದಿ ಶತ್ರುಗಳು ಸತ್ತರೆಂಬ ಲೆಕ್ಕ ಎಲ್ಲಿಯೂ ಇಲ್ಲ. ಇರುವುದು ಕೆಲಸ ಹಿಡಿದ ಹೊತ್ತು, ಕೆಲಸ ಮುಗಿಸಿದ ಹೊತ್ತು ಮತ್ತು ತೆರವಾದ ಅಡ್ಡಿಗಳ ವಿವರ. ಒಬ್ಬ ವೀರನ ಸ್ಮರಣೆಗೆಂದು ಬರೆದ ದಾಖಲೆಗಿಂತ ಲೋಕೋಪಯೋಗಿ ಇಲಾಖೆಯ ದಿನಚರಿಯ ಹಾಗೆ ಓದಿಸಿಕೊಳ್ಳುವ ಈ ಪತ್ರದಲ್ಲಿಯೇ ಅವರ ಶೌರ್ಯದ ಸ್ವರೂಪ ಅಡಗಿದೆ.

ಸೇನೆಯ ಎಂಜಿನಿಯರ್ ದಳದ ಸೈನಿಕರನ್ನು ಸ್ಯಾಪರ್ ಎಂದು ಕರೆಯುತ್ತಾರೆ. ಕೋಟೆಗಳ ಕಾಲದಲ್ಲಿ ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದಿಟ್ಟು ಉರುಳಿಸುತ್ತಿದ್ದ ಕೆಲಸಗಾರರಿಂದ ಬಂದ ಈ ಪರಂಪರೆಗೆ ಭಾರತದಲ್ಲಿ ಮೂರು ಹಳೆಯ ಶಾಖೆಗಳಿವೆ: ಬೆಂಗಳೂರಿನಲ್ಲಿ ನೆಲೆಸಿರುವ ಮದ್ರಾಸ್ ಸ್ಯಾಪರ್ಸ್, ರೂರ್ಕಿಯ ಬೆಂಗಾಲ್ ಸ್ಯಾಪರ್ಸ್ ಮತ್ತು ಪುಣೆಯ ಖಡಕಿಯಲ್ಲಿರುವ ಬಾಂಬೆ ಸ್ಯಾಪರ್ಸ್. ಕನ್ನಡ ನಾಡಿನ ಒಬ್ಬ ಯುವಕ ಬೆಂಗಳೂರನ್ನು ಬಿಟ್ಟು ಖಡಕಿಯ ದಳ ಸೇರಿದ್ದಕ್ಕೆ ಕಾರಣವನ್ನು ಅಂದಿನ ಆಡಳಿತದ ಗಡಿಗಳಲ್ಲಿ ಹುಡುಕಬೇಕು. ಇಂದು ಶಿವಮೊಗ್ಗ ಮತ್ತು ಉತ್ತರ ಕನ್ನಡ ಒಂದೇ ರಾಜ್ಯದ ನೆರೆಹೊರೆಯ ಜಿಲ್ಲೆಗಳಾಗಿದ್ದರೂ, ಆಗ ಶಿವಮೊಗ್ಗ ಮೈಸೂರು ಅರಸರ ಸಂಸ್ಥಾನಕ್ಕೆ ಸೇರಿತ್ತು. 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ವರ್ಗವಾದ ಉತ್ತರ ಕನ್ನಡ 1956ರ ಏಕೀಕರಣದವರೆಗೂ ಅಲ್ಲಿಯೇ ಉಳಿದಿತ್ತು. ಹೀಗಾಗಿ ಕಾರವಾರದ ಹುಡುಗರ ಪಾಲಿಗೆ ನೌಕರಿಯ ದಾರಿ, ಅದು ಮಿಲಿಟರಿಯದಾದರೂ ಸರಿ, ಗಿರಣಿಯದಾದರೂ ಸರಿ, ಮುಂಬೈ–ಪುಣೆಗಳ ಕಡೆಗೇ ಸಾಗುತ್ತಿತ್ತು. ರಾಣೆಯವರ ಮನೆಮಾತು ಕೊಂಕಣಿ. ಅವರನ್ನು ಮಹಾರಾಷ್ಟ್ರದವರು ತಮ್ಮವರೆಂದು ಹೇಳಿಕೊಳ್ಳುವುದಕ್ಕೂ, ಹಳೆಯ ಮೈಸೂರಿನ ಓದುಗರಿಗೆ ಅವರ ಹೆಸರು ತಡವಾಗಿ ತಲುಪಿದ್ದಕ್ಕೂ ಈ ಹಿನ್ನೆಲೆಯೇ ಕಾರಣವಾಗಿರಬೇಕು.

1918ರ ಜೂನ್ 26ರಂದು ಹುಟ್ಟಿದ ರಾಮನ ತಂದೆ ರಾಘೋಬಾ ರಾಣೆ ಪೊಲೀಸ್ ಪೇದೆಯಾಗಿದ್ದರು. ತಂದೆಗೆ ಊರಿಂದೂರಿಗೆ ವರ್ಗವಾಗುತ್ತಿದ್ದುದರಿಂದ ಮಗನ ಶಾಲೆಯೂ ಬದಲಾಗುತ್ತಲೇ ಇತ್ತು. 1930ರಲ್ಲಿ, ಹುಡುಗನಿಗೆ ಹನ್ನೆರಡು ವರ್ಷವಾಗಿದ್ದಾಗ, ಉತ್ತರ ಕನ್ನಡದ ಕರಾವಳಿ ಸ್ವಾತಂತ್ರ್ಯ ಚಳವಳಿಯಲ್ಲಿ ಕುದಿಯುತ್ತಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ ಇಡೀ ಜಿಲ್ಲೆಯನ್ನು ಎಬ್ಬಿಸಿತ್ತು. ಬಾಲಕ ರಾಮ ಗಾಂಧೀಜಿಯವರ ಹೋರಾಟದತ್ತ ಒಲಿದುದನ್ನು ಕಂಡು, ಸರ್ಕಾರಿ ಸಮವಸ್ತ್ರದಲ್ಲಿದ್ದ ತಂದೆ ಕಳವಳಗೊಂಡು ಸಂಸಾರವನ್ನು ಚೆಂಡಿಯಾಕ್ಕೆ ಕರೆದೊಯ್ದರೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಪೇದೆಯ ಮಗ ಚಳವಳಿಗೆ ಸೇರಿದರೆ ಮನೆಯ ಅನ್ನಕ್ಕೇ ಸಂಚಕಾರ ಬರುತ್ತಿದ್ದ ಕಾಲವದು.

ಅದೇ ರಾಮ ಹತ್ತು ವರ್ಷಗಳ ಬಳಿಕ, 1940ರ ಜುಲೈ 10ರಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬ್ರಿಟಿಷರ ಸೇನೆಯನ್ನು ಸೇರಿದ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಸಾರಿದ ಕಥೆಯನ್ನು ಕೇಳಿ ಬೆಳೆದ ಶಿವಮೊಗ್ಗದ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಸುಮಾರು 25 ಲಕ್ಷ ಭಾರತೀಯರು ಆ ಸೇನೆಯಲ್ಲಿ ದುಡಿದರು. ಅವರಲ್ಲಿ ಬಹುಪಾಲು ಮಂದಿ ಸಂಬಳಕ್ಕೆ, ಮನೆತನದ ಹೆಸರಿಗೆ, ಹೊಸ ಲೋಕ ಕಾಣುವ ಆಸೆಗೆ ಹೋದವರೇ ಹೊರತು ಸಾಮ್ರಾಜ್ಯದ ಮೇಲಿನ ಮೋಹದಿಂದ ಹೋದವರಲ್ಲ. ಈ ಎರಡೂ ದಾರಿಗಳನ್ನು ಹಿಡಿದವರು ಒಂದೇ ತಲೆಮಾರಿನವರು, ಎಷ್ಟೋ ಕಡೆ ಒಂದೇ ಮನೆಯವರು ಎಂಬುದನ್ನು ನೆನಪಿಟ್ಟುಕೊಂಡರೆ, 1947ರ ನಂತರ ಅದೇ ಸೈನಿಕರು ಸ್ವತಂತ್ರ ಭಾರತದ ಪರವಾಗಿ ಹೋರಾಡಿದ್ದರಲ್ಲಿ ವಿರೋಧಾಭಾಸವೇನೂ ಕಾಣದು.

ತರಬೇತಿಯಲ್ಲಿ ರಾಣೆ ತಮ್ಮ ತಂಡದ ಅತ್ಯುತ್ತಮ ರಂಗರೂಟನೆನಿಸಿಕೊಂಡು ಕಮಾಂಡೆಂಟ್ ಕೊಡುವ ಗೌರವದ ಬೆತ್ತವನ್ನು ಪಡೆದರು. ರಂಗರೂಟನೆಂದರೆ ಹೊಸದಾಗಿ ಭರ್ತಿಯಾಗಿ ಇನ್ನೂ ಕವಾಯತು ಕಲಿಯುತ್ತಿರುವ ಸಿಪಾಯಿ. ಬಳಿಕ 26ನೆಯ ಭಾರತೀಯ ಪದಾತಿ ಡಿವಿಜನ್‌ಗೆ ಜೋಡಿಸಿದ್ದ ಎಂಜಿನಿಯರ್ ಕಂಪನಿಯೊಂದರಲ್ಲಿ ಅವರು ಬರ್ಮಾದ ರಣರಂಗಕ್ಕೆ ಹೋದರು. ಬಂಗಾಳ ಕೊಲ್ಲಿಗೆ ಚಾಚಿಕೊಂಡ ಅರಾಕಾನ್ ಪ್ರದೇಶದಿಂದ ಬ್ರಿಟಿಷ್ ಭಾರತೀಯ ಪಡೆಗಳು ಹಿಂದೆಗೆಯುತ್ತಿದ್ದಾಗ, ಬುಥಿಡಾಂಗ್ ಎಂಬಲ್ಲಿ ಜಪಾನೀಯರಿಗೆ ಉಪಯೋಗವಾಗಬಹುದಾದ ಸಾಮಗ್ರಿ ಮತ್ತು ಕಟ್ಟಡಗಳನ್ನು ನಾಶಪಡಿಸಲು ಆ ಕಂಪನಿಯ ಎರಡು ತುಕಡಿಗಳನ್ನು ಹಿಂದೆ ಬಿಟ್ಟು ಹೋಗಲಾಯಿತು. ಅವುಗಳಲ್ಲೊಂದರಲ್ಲಿ ರಾಣೆ ಇದ್ದರು. ಕೆಲಸ ಮುಗಿದ ಮೇಲೆ ನೌಕಾಪಡೆಯ ಹಡಗೊಂದು ಬಂದು ಅವರನ್ನು ಕರೆದೊಯ್ಯಬೇಕೆಂದು ಗೊತ್ತಾಗಿತ್ತು. ಸುಡುವುದನ್ನೆಲ್ಲ ಸುಟ್ಟು, ಕೆಡವುವುದನ್ನೆಲ್ಲ ಕೆಡವಿ ಮುಗಿಸಿದರೂ ಹಡಗಿನ ಏರ್ಪಾಡು ಕೈಗೂಡದೆ, ಜಪಾನೀ ಗಸ್ತಿದ್ದ ಹೊಳೆಯನ್ನು ತಾವಾಗಿಯೇ ದಾಟಿ, ಅವರ ಕಣ್ಣು ತಪ್ಪಿಸಿ, ಈ ತುಕಡಿಗಳು ತಮ್ಮ ಪಡೆಯನ್ನು ಮರಳಿ ಸೇರಿದವು. ನಾಯಕ್ ಎಂಬ ಕೆಳ ದರ್ಜೆಯಲ್ಲಿದ್ದ ರಾಣೆಗೆ ಇದರಿಂದ ಹವಾಲ್ದಾರ್ ಹುದ್ದೆಗೆ ಬಡ್ತಿ ದೊರೆಯಿತು. ಮೇಲಿನವರು ಹಾಕಿದ ಯೋಜನೆ ಕೈಕೊಟ್ಟಾಗ ತನ್ನ ಜನರನ್ನು ಸೇರಿಸಿಕೊಂಡು ಕೆಲಸ ಮುಂದುವರಿಸುವ ಗುಣ ಅವರಲ್ಲಿ ಮೊದಲು ಕಾಣಿಸಿಕೊಂಡದ್ದು ಇಲ್ಲಿ.

ಸಿಪಾಯಿಯಾಗಿ ಸೇರಿ ಮೇಲೇರಿದ ರಾಣೆ 1947ರ ಡಿಸೆಂಬರ್ 15ರಂದು ಸೆಕೆಂಡ್ ಲೆಫ್ಟಿನೆಂಟ್ ಆಗಿ ನೇಮಕಗೊಂಡರು. ಇದು ಅಧಿಕಾರಿ ವರ್ಗದ ಮೊದಲ ಮೆಟ್ಟಿಲು. ಅವರೊಡನೆ ಈ ದರ್ಜೆಯಲ್ಲಿ ನಿಂತ ಬಹುತೇಕರು ಇಪ್ಪತ್ತರ ಆಸುಪಾಸಿನ ಹುಡುಗರಾಗಿದ್ದರೆ, ಅವರ ಬೆನ್ನಿಗೆ ಏಳು ವರ್ಷಗಳ ಸೇವೆಯೂ ಒಂದು ಮಹಾಯುದ್ಧದ ಅನುಭವವೂ ಇತ್ತು. ಸಲಿಕೆ ಹಿಡಿದು ದುಡಿದವನೇ ಸಲಿಕೆ ಹಿಡಿದವರ ಮೇಲಧಿಕಾರಿಯಾದದ್ದು ಮುಂದೆ ನಾಲ್ಕು ದಿನಗಳ ಮಟ್ಟಿಗೆ ಬಹಳ ಮುಖ್ಯವಾಗಲಿತ್ತು.

ಆ ಹೊತ್ತಿಗೆ ಜಮ್ಮು–ಕಾಶ್ಮೀರದ ಯುದ್ಧ ಎರಡನೆಯ ತಿಂಗಳಲ್ಲಿತ್ತು. 1947ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಕಡೆಯಿಂದ ದಾಳಿಕೋರರು ಒಳನುಗ್ಗಿದರು, ನವೆಂಬರ್‌ನಲ್ಲಿ ರಜೌರಿ ಪಟ್ಟಣ ಅವರ ಕೈಗೆ ಬಿತ್ತು. 1948ರ ಫೆಬ್ರವರಿ 6ರಂದು ನೌಶೇರಾದ ಮೇಲೆ ನಡೆದ ಭಾರಿ ದಾಳಿಯನ್ನು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಪಡೆ ಹಿಮ್ಮೆಟ್ಟಿಸಿತು. ಅದೇ ದಿನದ ಕಾಳಗದಲ್ಲಿ ನಾಯಕ್ ಜದುನಾಥ್ ಸಿಂಗ್ ಮಡಿದು ಮುಂದೆ ಪರಮವೀರ ಚಕ್ರಕ್ಕೆ ಪಾತ್ರರಾದರು. ಮಾರ್ಚ್ 18ರಂದು, ಹಿಂದೆ ಕೈತಪ್ಪಿದ್ದ ಝಂಗರ್ ಎಂಬ ಊರು ಮರಳಿ ಕೈಗೆ ಬಂದಿತು. ಉಳಿದದ್ದು ರಜೌರಿ. ಅಲ್ಲಿಗೆ ಟ್ಯಾಂಕುಗಳನ್ನು ಒಯ್ಯಲು ಇದ್ದದ್ದು ಒಂದೇ ರಸ್ತೆ. ಹಿಂದೆಗೆಯುತ್ತಿದ್ದ ಶತ್ರುಗಳು ಆ ರಸ್ತೆಯನ್ನು ರಸ್ತೆಯಾಗಿ ಉಳಿಸಿರಲಿಲ್ಲ.

ಬೆಟ್ಟದ ರಸ್ತೆಗೆ ಅಡ್ಡಿಯೊಡ್ಡುವುದು ಎಷ್ಟು ಸುಲಭವೆಂಬುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಆಷಾಢದ ಮಳೆಯಲ್ಲಿ ಆಗುಂಬೆಯಲ್ಲೋ ಹುಲಿಕಲ್ ಘಾಟಿಯಲ್ಲೋ ಒಂದು ಮರ ಉರುಳಿದರೂ ಸಾಕು, ಎರಡೂ ಕಡೆ ಮೈಲುಗಟ್ಟಲೆ ವಾಹನಗಳು ನಿಂತುಬಿಡುತ್ತವೆ, ಏಕೆಂದರೆ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದಕ್ಕೆ ಕಣಿವೆ ಇದ್ದು ಬಳಸಿ ಹೋಗಲು ಜಾಗವಿರುವುದಿಲ್ಲ. ನೌಶೇರಾ–ರಜೌರಿ ರಸ್ತೆಯಲ್ಲಿ ಶತ್ರುಗಳು ದೊಡ್ಡ ದೊಡ್ಡ ಪೈನ್ ಮರಗಳನ್ನು ಕಡಿದು ಅಡ್ಡ ಕೆಡವಿದ್ದರು, ಮೋರಿಗಳನ್ನು ಸ್ಫೋಟಿಸಿದ್ದರು, ರಸ್ತೆಯ ಏರಿಯನ್ನು ಅಲ್ಲಲ್ಲಿ ಹಾರಿಸಿ ಕಣಿವೆಗೆ ಕೆಡವಿದ್ದರು ಮತ್ತು ಈ ಅಡ್ಡಿಗಳ ಸುತ್ತ ನೆಲಬಾಂಬುಗಳನ್ನು ಹೂತಿದ್ದರು. ಇಷ್ಟು ಮಾಡಿ ಸುಮ್ಮನಾಗದೆ, ಮೇಲಿನ ಗುಡ್ಡಗಳಲ್ಲಿ ಮಷಿನ್‌ಗನ್ ಹೂಡಿ, ಅಡ್ಡಿ ತೆಗೆಯಲು ಬರುವವರಿಗಾಗಿ ಕಾದು ಕುಳಿತಿದ್ದರು. ಗುಂಡಿನ ಕಾವಲಿಲ್ಲದ ಅಡ್ಡಿ ಅರ್ಧ ಅಡ್ಡಿಯೇ ಸರಿ ಎಂಬುದು ಎಂಜಿನಿಯರ್ ದಳದವರೆಲ್ಲ ಬಲ್ಲ ಮಾತು.

ಈ ಕೆಲಸದ ಕಷ್ಟ ಎಂಥದ್ದೆಂದು ತಿಳಿಯಲು ಕೆಲಸದ ಕ್ರಮವನ್ನೇ ನೋಡಬೇಕು. ಟ್ಯಾಂಕಿಗಾಗಿ ಹೂತ ನೆಲಬಾಂಬು ವಾಹನದ ಭಾರ ಬಿದ್ದಾಗ ಸಿಡಿಯುವಂತೆ ಹೊಂದಿಸಲ್ಪಟ್ಟಿರುತ್ತದೆ. ಮನುಷ್ಯನಿಗಾಗಿ ಹೂತದ್ದಕ್ಕೆ ಒಂದು ಹೆಜ್ಜೆ ಸಾಕು, ಮತ್ತು ಎರಡನ್ನೂ ಒಂದರ ಪಕ್ಕ ಒಂದು ಇಡುವುದುಂಟು. ಸ್ಯಾಪರ್ ನೆಲದ ಮೇಲೆ ಬೋರಲಾಗಿ ಮಲಗಿ, ಮೊನೆಯುಳ್ಳ ಸಲಾಕೆಯನ್ನು ಅಥವಾ ಬಂದೂಕಿನ ಸನೀನನ್ನು ಮಣ್ಣಿನೊಳಗೆ ಓರೆಯಾಗಿ ಮೆಲ್ಲನೆ ತೂರಿಸಿ ನೋಡುತ್ತಾನೆ; ನೆಟ್ಟಗೆ ಚುಚ್ಚಿದರೆ ಬಾಂಬಿನ ಮೇಲ್ತಟ್ಟೆಗೇ ತಾಗುತ್ತದೆ, ಓರೆಯಾಗಿ ಚುಚ್ಚಿದರೆ ಅದರ ಮಗ್ಗುಲಿಗೆ ತಾಗುತ್ತದೆ. ಗಟ್ಟಿಯಾದದ್ದೇನೋ ಸಿಕ್ಕಿತೆಂದರೆ ಸುತ್ತಲ ಮಣ್ಣನ್ನು ಬೆರಳಿನಿಂದ ಸರಿಸಿ, ಎತ್ತಿದರೆ ಸಿಡಿಯುವಂತೆ ಅಡಿಯಲ್ಲಿ ಬೇರೊಂದು ತಂತ್ರವನ್ನು ಕಟ್ಟಿದ್ದಾರೆಯೇ ಎಂದು ತಡವಿ ನೋಡಿದ ಮೇಲೆಯೇ ಮುಂದಿನ ಕೆಲಸ. ಮರ ಸಿಡಿಸುವುದೂ ಇಷ್ಟೇ ನಾಜೂಕಿನದು. ದಿಮ್ಮಿಗೆ ಸಿಡಿಮದ್ದಿನ ಹಲಗೆಗಳನ್ನು ಬಿಗಿಯಾಗಿ ಕಟ್ಟಿ, ಡಿಟೊನೇಟರ್ ಎಂಬ ಬೆರಳುದ್ದದ ಕಿಡಿಗೊಳವೆಯನ್ನು ಅದಕ್ಕೆ ಸಿಕ್ಕಿಸಿ, ಬತ್ತಿಗೆ ಬೆಂಕಿ ಕೊಟ್ಟು, ಅದು ಉರಿದು ಮುಟ್ಟುವುದರೊಳಗೆ ಮರೆಗೆ ಓಡಬೇಕು. ಶಾಂತ ಕಾಲದಲ್ಲಿಯೂ ಕೈ ನಡುಗಬಾರದ ಈ ಕೆಲಸವನ್ನು ತಲೆಯ ಮೇಲೆ ಗುಂಡು ಹಾರುತ್ತಿರುವಾಗ ಮಾಡುವವನಿಗೆ ಎದುರು ಗುಂಡು ಹಾರಿಸುವ ಸಮಾಧಾನವೂ ಇರುವುದಿಲ್ಲ, ಏಕೆಂದರೆ ಎರಡೂ ಕೈಗಳು ಮಣ್ಣಿನಲ್ಲಿರುತ್ತವೆ.

ಏಪ್ರಿಲ್ 8ರ ಬೆಳಿಗ್ಗೆ 11 ಗಂಟೆಗೆ, ರಸ್ತೆಯ 26ನೆಯ ಮೈಲಿನ ಸುಮಾರಿಗೆ ದಕ್ಷಿಣ ನಾದ್‌ಪುರ ಎಂಬಲ್ಲಿ, ಬಾಂಬೆ ಸ್ಯಾಪರ್ಸ್‌ನ 37ನೆಯ ಅಸಾಲ್ಟ್ ಫೀಲ್ಡ್ ಕಂಪನಿಯ ತಂಡದೊಡನೆ ರಾಣೆ ಟ್ಯಾಂಕುಗಳ ಬಳಿ ಕಾದಿದ್ದರು. 4ನೆಯ ಡೋಗ್ರಾ ಬೆಟಾಲಿಯನ್ ನೌಶೇರಾಕ್ಕೆ ಸುಮಾರು 11 ಕಿ.ಮೀ. ಉತ್ತರದಲ್ಲಿದ್ದ ಬರ್ವಾಲಿ ದಿಣ್ಣೆಯನ್ನು ಹಿಡಿಯಬೇಕಿತ್ತು, ಅದರ ಹಿಂದೆಯೇ ಟ್ಯಾಂಕುಗಳು ಮುಂದುವರಿಯಬೇಕಿತ್ತು. ಕೆಲಸ ಇನ್ನೂ ಆರಂಭವಾಗಿರಲಿಲ್ಲ, ಅಷ್ಟರಲ್ಲಿ ಮೋರ್ಟಾರ್ ಗುಂಡುಗಳ ಮಳೆ ಸುರಿಯಿತು. ಮೋರ್ಟಾರ್ ಎಂದರೆ ಗುಡ್ಡದ ಆಚೆಯಿಂದಲೂ ಸಿಡಿಗುಂಡನ್ನು ಮೇಲಕ್ಕೆ ಎಸೆದು ಈಚೆ ಬೀಳಿಸಬಲ್ಲ ಗಿಡ್ಡ ಕೊಳವೆಯ ತೋಪು. ತಂಡದ ಇಬ್ಬರು ಸ್ಥಳದಲ್ಲೇ ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯೂ ಒಬ್ಬರು. ಗಾಯಗೊಂಡ ಅಧಿಕಾರಿ ಹಿಂದಿನ ಚಿಕಿತ್ಸಾ ಠಾಣ್ಯಕ್ಕೆ ಹೋಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ರಾಣೆ ಉಳಿದವರನ್ನು ಮತ್ತೆ ಜೋಡಿಸಿ ಟ್ಯಾಂಕುಗಳಿಗೆ ದಾರಿ ಮಾಡತೊಡಗಿದರು. ಸಂಜೆ ನಾಲ್ಕೂವರೆಗೆ ದಿಣ್ಣೆ ಕೈವಶವಾಯಿತಾದರೂ ಸುತ್ತಲ ಜಾಗದಲ್ಲಿ ಶತ್ರುಗಳು ಇನ್ನೂ ಉಳಿದಿದ್ದರು. ಅದನ್ನು ತಿಳಿದೂ ಅವರು ತಂಡವನ್ನು ಮುಂದಕ್ಕೊಯ್ದು ಟ್ಯಾಂಕುಗಳಿಗಾಗಿ ಬಳಸುದಾರಿ ಕಡಿಯಲು ತೊಡಗಿ, ರಾತ್ರಿ ಹತ್ತರವರೆಗೆ ಮಷಿನ್‌ಗನ್ನಿನ ಗುರಿಯಲ್ಲೇ ದುಡಿದರು.

ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಹಿಡಿದ ಆ ಬಳಸುದಾರಿ ಮುಗಿದದ್ದು ಮಧ್ಯಾಹ್ನ ಮೂರಕ್ಕೆ. ಟ್ಯಾಂಕುಗಳು ಹೊರಟಾಗ ರಾಣೆ ಎಲ್ಲಕ್ಕಿಂತ ಮುಂದಿದ್ದ ಕ್ಯಾರಿಯರ್ ಏರಿದರು. ಇದು ಪಟ್ಟೆಗಾಲಿಗಳ ಮೇಲೆ ಉರುಳುವ, ತೆಳು ಉಕ್ಕಿನ ಹೊದಿಕೆಯುಳ್ಳ, ಮೇಲೆ ಮುಚ್ಚಿಗೆಯಿಲ್ಲದ ಚಿಕ್ಕ ಗಾಡಿ. ಅರ್ಧ ಮೈಲಿಯೂ ಸರಿಯಾಗಿ ಸಾಗಿರಲಿಲ್ಲ, ಪೈನ್ ಮರಗಳ ಅಡ್ಡಗಟ್ಟು ಎದುರಾಯಿತು. ಇಳಿದು ಸಿಡಿಸಿದರು. ಇನ್ನು ಮುನ್ನೂರು ಗಜ ಹೋಗುವಷ್ಟರಲ್ಲಿ ಮತ್ತೊಂದು, ಅದನ್ನೂ ಸಿಡಿಸಿದರು. ಸಂಜೆ ಐದರ ಹೊತ್ತಿಗೆ ಗುಡ್ಡವನ್ನು ಸುತ್ತಿ ಸುತ್ತಿ ಹೋಗುವ ರಸ್ತೆಯಲ್ಲಿ ಒಡೆದು ಬಿದ್ದ ಮೋರಿ ಸಿಕ್ಕಿತು, ಕೆಲಸ ಶುರುವಾಗುವ ಮೊದಲೇ ಗುಂಡಿನ ದಾಳಿ ಆರಂಭವಾಯಿತು, ಆದರೂ ಬಳಸುದಾರಿಯಾಯಿತು. ಆರೂಕಾಲರ ನಸುಗತ್ತಲಲ್ಲಿ ಐದು ಭಾರಿ ಮರಗಳು, ಸುತ್ತ ನೆಲಬಾಂಬು, ಮೇಲೆ ಮಷಿನ್‌ಗನ್ ಕಾವಲು ಇದ್ದ ದೊಡ್ಡ ಅಡ್ಡಗಟ್ಟಿನ ಮುಂದೆ ದಂಡು ನಿಂತಿತು. ರಾಣೆ ಬಾಂಬು ಕೀಳಲು ಕುಳಿತೇಬಿಟ್ಟಿದ್ದರು. ಪರಿಸ್ಥಿತಿಯನ್ನರಿತ ಟ್ಯಾಂಕ್ ಪಡೆಯ ಮುಖ್ಯಸ್ಥರು ದಂಡನ್ನು ರಾತ್ರಿಯ ಮಟ್ಟಿಗೆ ಸುರಕ್ಷಿತ ಜಾಗಕ್ಕೆ ಸರಿಸಿದರು.

ಏಪ್ರಿಲ್ 10ರಂದು ನಸುಕಿನ ನಾಲ್ಕೂಮುಕ್ಕಾಲಿಗೆ ಕೆಲಸ ಮತ್ತೆ ಶುರುವಾಯಿತು. ಹಿಂದಿನ ಸಂಜೆ ಬಿಟ್ಟಿದ್ದ ಐದು ಮರಗಳ ಅಡ್ಡಿ ಆರೂವರೆಗೆ ತೆರವಾಯಿತು. ಮುಂದಿನ ಸಾವಿರ ಗಜಗಳಲ್ಲಿ ಅಡ್ಡಗಟ್ಟುಗಳೂ ಹಾರಿಸಿದ ಏರಿಗಳೂ ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು, ಅಷ್ಟೂ ಜಾಗ ಮಷಿನ್‌ಗನ್ನಿನ ಹಿಡಿತದಲ್ಲಿತ್ತು; ಅದನ್ನು ದಾಟಲು ಹತ್ತೂವರೆಯಾಯಿತು. ಒಂದು ಕಿಲೋಮೀಟರಿಗೂ ಕಡಿಮೆ ದೂರಕ್ಕೆ ನಾಲ್ಕು ಗಂಟೆ. ಅಲ್ಲಿಂದ ಟ್ಯಾಂಕುಗಳು ರಸ್ತೆ ಬಿಟ್ಟು ತವಿ ನದಿಯ ಪಾತ್ರಕ್ಕಿಳಿದು, ಮಧ್ಯಾಹ್ನ ಎರಡಕ್ಕೆ ಮೊಗಲರ ಕಾಲದ ಛತ್ರವಿರುವ ಚಿಂಗಸ್ ತಲುಪಿದವು.

ಮೇಲ್ನೋಟಕ್ಕೆ ರಾಣೆಯವರ ಕೆಲಸ ಇಲ್ಲಿಗೆ ಮುಗಿಯಿತು. ಟ್ಯಾಂಕುಗಳಿಗೆ ರಸ್ತೆ ಬೇಕಿರಲಿಲ್ಲ, ನದಿಯೇ ರಸ್ತೆಯಾಗಿತ್ತು. ಆದರೆ ಟ್ಯಾಂಕುಗಳ ಹಿಂದೆ ಬರಬೇಕಾದ ಪೆಟ್ರೋಲು, ಮದ್ದುಗುಂಡು, ಆಹಾರ ಮತ್ತು ಗಾಯಾಳುಗಳನ್ನು ಒಯ್ಯುವ ಗಾಡಿಗಳು ನದಿಯ ಕಲ್ಲುಗಳ ಮೇಲೆ ಹೋಗುವಂತಿರಲಿಲ್ಲ, ಮತ್ತು ಸರಂಜಾಮು ತಲುಪದಿದ್ದರೆ ಮುಂದೆ ಹೋದ ಟ್ಯಾಂಕುಗಳು ಹೆಚ್ಚು ಕಾಲ ಉಳಿಯುವುದೂ ಸಾಧ್ಯವಿರಲಿಲ್ಲ. ಇದನ್ನು ಕಂಡುಕೊಂಡ ರಾಣೆ ಊಟ, ವಿಶ್ರಾಂತಿ ಎರಡನ್ನೂ ಬಿಟ್ಟು ಅಂದು ರಾತ್ರಿ ಒಂಬತ್ತರವರೆಗೆ ರಸ್ತೆಯ ಕೆಲಸದಲ್ಲೇ ಉಳಿದರು. ಏಪ್ರಿಲ್ 11ರ ಬೆಳಿಗ್ಗೆ ಆರಕ್ಕೆ ಮತ್ತೆ ಆರಂಭಿಸಿ, ಹನ್ನೊಂದಕ್ಕೆ ಚಿಂಗಸ್‌ವರೆಗಿನ ರಸ್ತೆಯನ್ನು ತೆರೆದುಕೊಟ್ಟು, ಅದರಾಚೆಯ ರಸ್ತೆಯಲ್ಲಿ ರಾತ್ರಿ ಹತ್ತರವರೆಗೆ ದುಡಿದರು. ಪ್ರಶಸ್ತಿಪತ್ರದ ಹೊತ್ತುಗಳನ್ನು ಕೂಡಿಸಿ ನೋಡಿದರೆ, ಮೊದಲ ಮೋರ್ಟಾರ್ ಗುಂಡು ಬಿದ್ದಲ್ಲಿಂದ ಎಣಿಸಿದ 83 ಗಂಟೆಗಳಲ್ಲಿ 55ಕ್ಕೂ ಹೆಚ್ಚು ಗಂಟೆ ಗಾಯಾಳುವಾದ ಈ ಅಧಿಕಾರಿ ರಸ್ತೆಯ ಮೇಲಿದ್ದರೆಂದು ತಿಳಿಯುತ್ತದೆ. ಟ್ಯಾಂಕು ಮುಂದೆ ಹೋದ ಮೇಲೂ ನಿಲ್ಲದ ಆ ಕೊನೆಯ ಒಂದೂವರೆ ದಿನವೇ ಇಡೀ ಪ್ರಸಂಗದ ಸಾರವೆನ್ನಬೇಕು. ಒಂದು ಕ್ಷಣದ ಆವೇಶ ಮನುಷ್ಯನನ್ನು ಎರಡನೆಯ ದಿನದವರೆಗೆ ನಡೆಸಬಹುದೇನೋ, ಯಾರೂ ನೋಡದ ಹಿಂದಿನ ಸಾಲಿನ ರಸ್ತೆಗೆ ನಾಲ್ಕನೆಯ ದಿನವೂ ಮುಂಜಾನೆ ಸಲಿಕೆ ಎತ್ತಿಸುವುದು ಬೇರೆಯದೇ ಶಕ್ತಿ.

ಈ ನಾಲ್ಕು ದಿನಗಳ ಬಗ್ಗೆ ಸೇನಾ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಪ್ರಸಂಗವಿದೆ. ಗುಂಡಿನ ದಾಳಿಯಿಂದ ತಲೆಯೆತ್ತಲಾಗದ ಜಾಗದಲ್ಲಿ ರಾಣೆ ಟ್ಯಾಂಕಿನ ಅಡಿಗೆ ತೆವಳಿ ಹೋಗಿ, ಎರಡು ಪಟ್ಟೆಗಾಲಿಗಳ ನಡುವೆ ಅದರೊಂದಿಗೇ ಮುಂದೆ ಸರಿಯುತ್ತ, ಹಗ್ಗ ಎಳೆದು ಚಾಲಕನಿಗೆ ನಿಲ್ಲು, ನಡೆ ಎಂದು ಸೂಚಿಸಿ ನೆಲಬಾಂಬಿನ ಜಾಗವನ್ನು ದಾಟಿಸಿದರಂತೆ. ಟ್ಯಾಂಕೊಂದು ಓರೆಯಾದರೂ ಅಡಿಯಲ್ಲಿದ್ದವನು ಅಪ್ಪಚ್ಚಿಯಾಗುತ್ತಿದ್ದುದರಿಂದ ಈ ಚಿತ್ರ ಜನಮನದಲ್ಲಿ ನಿಂತಿರುವುದು ಸಹಜ. ಪ್ರಶಸ್ತಿಪತ್ರದಲ್ಲಿ ಮಾತ್ರ ಇದರ ಉಲ್ಲೇಖವಿಲ್ಲ, ಮತ್ತು ಅದಿಲ್ಲದೆಯೂ ಆ ಪತ್ರಕ್ಕೆ ಯಾವ ಕೊರತೆಯೂ ಇಲ್ಲ.

ಏಪ್ರಿಲ್ 12ರಂದು ಭಾರತೀಯ ಪಡೆ ರಜೌರಿಯನ್ನು ಹೊಕ್ಕಿತು. ದಾಳಿಕೋರರು ಕಾಲ್ತೆಗೆಯುವ ಮುನ್ನ ಪಟ್ಟಣವನ್ನು ಹಾಳುಗೆಡವಿ, ಅಲ್ಲಿದ್ದ ಬಹಳ ಮಂದಿಯನ್ನು ಕೊಂದಿದ್ದರು. ರಸ್ತೆ ಇನ್ನೂ ಕೆಲವು ದಿನ ಮುಚ್ಚಿಕೊಂಡೇ ಇದ್ದಿದ್ದರೆ ಬದುಕುಳಿದವರ ಗತಿ ಏನಾಗುತ್ತಿತ್ತೆಂಬುದು ಊಹೆಗೆ ಬಿಟ್ಟದ್ದು.

ರಾಣೆಯವರ ಸಾಧನೆಗೆ ಅವರ ದಳದಲ್ಲಿಯೇ ಒಂದು ಪೂರ್ವನಿದರ್ಶನವಿತ್ತು. 1941ರಲ್ಲಿ, ಇಂದಿನ ಇಥಿಯೋಪಿಯಾದ ಗಡಿಯಲ್ಲಿ ಇಟಾಲಿಯನ್ನರನ್ನು ಬೆನ್ನಟ್ಟುತ್ತಿದ್ದ ಸೇನೆಯ ಮುಂದೆ, ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮಿಂದ್ರ ಸಿಂಗ್ ಭಗತ್ ನಾಲ್ಕು ದಿನಗಳಲ್ಲಿ 55 ಮೈಲಿ ರಸ್ತೆಯುದ್ದಕ್ಕೂ 15 ನೆಲಬಾಂಬು ಕ್ಷೇತ್ರಗಳನ್ನು ಪತ್ತೆಹಚ್ಚಿ ತೆರವು ಮಾಡಿಸಿ, ಬ್ರಿಟಿಷ್ ಸಾಮ್ರಾಜ್ಯದ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದಿದ್ದರು. ಅದೇ ದಳ, ಅದೇ ದರ್ಜೆ, ಅದೇ ನಾಲ್ಕು ದಿನ, ರಸ್ತೆ ಮಾತ್ರ ಬೇರೆ. ಜಗತ್ತಿನ ಬೇರೆಡೆಯೂ ಇಂಥವರ ಸರದಿ ಮೊದಲು ಬರುತ್ತದೆ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಕಡಲ ತೀರದಲ್ಲಿ ಮಿತ್ರಪಡೆಗಳು ಇಳಿದಾಗ, ನೀರಂಚಿನ ಕಬ್ಬಿಣದ ತಡೆಗಳನ್ನು ಸಿಡಿಸಿ ದಾರಿ ಬಿಡಿಸಲು ಹೋದ ಎಂಜಿನಿಯರುಗಳು ಭಾರಿ ಸಾವುನೋವನ್ನು ಅನುಭವಿಸಿದರು.

ಕಾಶ್ಮೀರ ಯುದ್ಧದ ಕಾಲಕ್ಕೆ ಭಾರತಕ್ಕೆ ತನ್ನದೇ ಆದ ಶೌರ್ಯ ಪದಕಗಳಿರಲಿಲ್ಲ. 1950ರ ಜನವರಿ 26ರಂದು, ದೇಶ ಗಣರಾಜ್ಯವಾದ ದಿನವೇ, ಪರಮವೀರ ಚಕ್ರವನ್ನು ಸ್ಥಾಪಿಸಿ, ಅದು 1947ರ ಆಗಸ್ಟ್ 15ರಿಂದ ಜಾರಿಯಲ್ಲಿದ್ದಂತೆ ಪರಿಗಣಿಸಲಾಯಿತು. ಮೂರೂವರೆ ಸೆಂಟಿಮೀಟರಿನಷ್ಟು ಅಗಲದ ಕಂಚಿನ ಬಿಲ್ಲೆ, ನಡುವೆ ರಾಜ್ಯಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧಗಳು, ಮೇಲೆ ನೇರಳೆ ಬಣ್ಣದ ಪಟ್ಟಿ. ಈ ವಿನ್ಯಾಸ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ, ಇಲ್ಲಿನ ಪುರಾಣ–ಶಾಸ್ತ್ರಗಳನ್ನು ಓದಿಕೊಂಡ ಸಾವಿತ್ರಿ ಖಾನೋಳ್ಕರ್ ಅವರದು. 1947–48ರ ಯುದ್ಧಕ್ಕಾಗಿ ಐವರಿಗೆ ಈ ಚಕ್ರ ಸಂದಿತು. ಮೇಜರ್ ಸೋಮನಾಥ ಶರ್ಮಾ, ಜದುನಾಥ್ ಸಿಂಗ್ ಮತ್ತು ಪೀರೂ ಸಿಂಗ್ ಮಡಿದವರು. ಬದುಕಿದ್ದು ಪಡೆದವರು ರಾಣೆ ಮತ್ತು ಕರಮ್ ಸಿಂಗ್. ಇದುವರೆಗೆ ಈ ಚಕ್ರ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಸಂದಿದೆ. ಕರ್ನಾಟಕದ ನೆಲದಿಂದ ಈ ಪಟ್ಟಿಯಲ್ಲಿರುವವರು ರಾಣೆ ಒಬ್ಬರೇ; ಸೇನೆಯ ಎಂಜಿನಿಯರ್ ದಳದಿಂದಲೂ ಅವರೊಬ್ಬರೇ. ಗೌರವ ಅವರಿಗೆ ಬೇಗನೆ ಬಂದದ್ದೂ ಗಮನಿಸಬೇಕಾದ ಸಂಗತಿ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಯಲ್ಲಿ ಮಡಿದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ಕಳೆದ ಮೇಲೆ.

ರಾಣೆ ಮುಂದೆಯೂ ಸೇನೆಯಲ್ಲಿಯೇ ಉಳಿದು 1968ರಲ್ಲಿ ಮೇಜರ್ ಹುದ್ದೆಯಿಂದ ನಿವೃತ್ತರಾದರು. ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಅವರ ಹೆಸರು ಐದು ಬಾರಿ ಯುದ್ಧವರದಿಗಳಲ್ಲಿ ನಮೂದಾಯಿತು. ಸೇನಾಪತಿಗಳು ಸರ್ಕಾರಕ್ಕೆ ಸಲ್ಲಿಸುವ ಅಧಿಕೃತ ವರದಿಯಲ್ಲಿ ಒಬ್ಬ ಸೈನಿಕನ ಹೆಸರನ್ನು ಎತ್ತಿ ಹೇಳುವುದು ಪದಕಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಗೌರವ. ಮೊದಲೇ ಸಿಪಾಯಿಯಾಗಿ ಸೇರಿದವರಿಗೆ ಅಧಿಕಾರಿ ವರ್ಗದಲ್ಲಿ ವಯಸ್ಸಿನ ಮಿತಿ ಅಡ್ಡ ಬರುತ್ತದೆ. ದೇಶದ ಅತ್ಯುನ್ನತ ಪದಕವನ್ನು ಎದೆಯ ಮೇಲೆ ಧರಿಸಿದವರು ಮೇಜರ್ ದರ್ಜೆಗೇ ನಿಂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು.

ನೆಲದ ಮೇಲೆ ರಸ್ತೆ ತೆರೆದ ಈ ಸೈನಿಕನ ಸ್ಮಾರಕಗಳು ಮಾತ್ರ ಹೆಚ್ಚಾಗಿ ಸಮುದ್ರದ ಕಡೆಗೇ ಇವೆ. ಭಾರತೀಯ ನೌಕಾಯಾನ ನಿಗಮ 1980ರ ದಶಕದಲ್ಲಿ ತನ್ನ ಕಚ್ಚಾ ತೈಲದ ಹಡಗುಗಳಿಗೆ ಪರಮವೀರ ಚಕ್ರ ಪಡೆದವರ ಹೆಸರಿಟ್ಟಾಗ, 1984ರಲ್ಲಿ ಬಂದ ಒಂದು ಹಡಗು ರಾಣೆಯವರ ಹೆಸರನ್ನು ಹೊತ್ತಿತು. 2023ರ ಜನವರಿ 23ರಂದು ಅಂಡಮಾನ್–ನಿಕೋಬಾರಿನ 21 ದ್ವೀಪಗಳಿಗೆ ಆ 21 ಮಂದಿಯ ಹೆಸರಿಟ್ಟಾಗ ಒಂದು ದ್ವೀಪ ಅವರದಾಯಿತು. ಪಟ್ಟಿಯ 21 ಮಂದಿಯಲ್ಲಿ 20 ಮಂದಿ ಭೂಸೇನೆಯವರು, ಒಬ್ಬರು ವಾಯುಸೇನೆಯವರು. ನೌಕಾಸೇನೆಯವರು ಒಬ್ಬರೂ ಇಲ್ಲ.

ಹಾಗೆಂದು ಕಾರವಾರದ ಕಡಲು ಯುದ್ಧವನ್ನು ಕಾಣದೆ ಉಳಿದದ್ದಲ್ಲ. ದಡದಿಂದ ಬರಿಗಣ್ಣಿಗೆ ಕಾಣುವ ಅಂಜದೀವ್ ದ್ವೀಪ 1961ರವರೆಗೆ ಪೋರ್ಚುಗೀಸರದಾಗಿತ್ತು. ಗೋವಾ ವಿಮೋಚನೆಯ ಕಾರ್ಯಾಚರಣೆಯ ಅಂಗವಾಗಿ ಆ ವರ್ಷದ ಡಿಸೆಂಬರ್ 18ರಂದು, ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ಹಡಗುಗಳ ತೋಪುಗಳ ಬೆಂಬಲದಲ್ಲಿ, ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ನೇತೃತ್ವದ ನಾವಿಕರ ತಂಡ ದ್ವೀಪಕ್ಕೆ ನುಗ್ಗಿತು. ಹಡಗಿನಿಂದಿಳಿದು ನೆಲದ ಮೇಲೆ ಹೋರಾಡುವ ಇಂಥ ಸೈನಿಕರನ್ನು ಬೇರೆ ದೇಶಗಳಲ್ಲಿ ಮರೀನ್ ಎನ್ನುತ್ತಾರೆ. ಭಾರತದಲ್ಲಿ ಅದಕ್ಕಾಗಿ ಪ್ರತ್ಯೇಕ ದಂಡಿಲ್ಲದೆ, ಹಡಗಿನ ನಾವಿಕರೇ ಬಂದೂಕು ಹಿಡಿದು ಇಳಿದಿದ್ದರು. ಮೊದಲ ದಾಳಿ ವಿಫಲವಾಗಿ ಏಳು ಮಂದಿ ಮಡಿದರು, 19 ಮಂದಿ ಗಾಯಗೊಂಡರು. ಮರುದಿನ ಮಧ್ಯಾಹ್ನದ ಹೊತ್ತಿಗೆ ದ್ವೀಪ ವಶವಾಯಿತು.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ನೌಕಾಸೇನೆಯಿಂದ ನಿವೃತ್ತವಾದ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ಇಟ್ಟಿರುವ ಯುದ್ಧನೌಕಾ ಸಂಗ್ರಹಾಲಯದ ಆವರಣದಲ್ಲಿ, 2006ರ ನವೆಂಬರ್ 7ರಂದು ರಾಣೆಯವರ ಪ್ರತಿಮೆ ಅನಾವರಣಗೊಂಡಿತು. ಗೋಕರ್ಣಕ್ಕೋ ಗೋವಾಕ್ಕೋ ಹೋಗುವ ಪ್ರವಾಸಿಗರು ಕ್ಷಿಪಣಿ ದೋಣಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಪಕ್ಕದ ಪ್ರತಿಮೆಯನ್ನೂ ನೋಡುತ್ತಾರೆ, ಮತ್ತು ಅವರಲ್ಲಿ ಕೆಲವರಾದರೂ ಇದು ನೌಕಾಧಿಕಾರಿಯದೆಂದು ಭಾವಿಸಿದರೆ ಅದು ಅವರ ತಪ್ಪಲ್ಲ. ನೌಶೇರಾದಿಂದ ಚಿಂಗಸ್‌ವರೆಗಿನ ರಸ್ತೆಯ ನಕ್ಷೆ, ಬಿದ್ದ ಮರಗಳು ಮತ್ತು ಒಡೆದ ಮೋರಿಯ ಗುರುತು, ಪ್ರಶಸ್ತಿಪತ್ರದಲ್ಲಿರುವ ಹೊತ್ತುಗಳು, ಇವಿಷ್ಟನ್ನು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಬರೆದ ಒಂದು ಫಲಕವನ್ನು ಅಲ್ಲಿ ನಿಲ್ಲಿಸುವುದಕ್ಕೆ ದೊಡ್ಡ ಖರ್ಚೇನೂ ತಗಲದು.